ಬಿಸಿಎಂ ಅಂದರೆ ಹಾಸ್ಟೆಲ್ ಅಲ್ಲ!

ಹೋದ ವರ್ಷ ಕಾರ್ತಿಕದಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಗಾವಡಗೆರೆ ಹತ್ತಿರದ ಹಳ್ಳಿಯೊಂದು ನನ್ನ ತಾಯಿಯ ತವರು. ಎರಡನೇ ದಿನ ರಾತ್ರಿ, ಹೊರಗೆ ಜಿಟಿಜಿಟಿ ಮಳೆ, ಸುಮಾರು ಎರಡು ಗಂಟೆ ಇರಬಹುದು... ಇದ್ದಕ್ಕಿದ್ದ ಹಾಗೆ ಹಾರ್ನ್ ಶಬ್ದ! ನಿಲ್ಲುತ್ತಲೇ ಇಲ್ಲ. ಎದ್ದು ಹೋಗಿ ನೋಡಿದರೆ ಅಂಗಳದಲ್ಲಿ ನಿಂತಿದ್ದ ಮಾವನ ಪಿಕಪ್ಪು ತನ್ನಷ್ಟಕ್ಕೆ ತಾನು ಕೂಗಿಕೊಳ್ಳುತ್ತಿದೆ. ಒಳಗೆ ಯಾರೂ ಇಲ್ಲ, ಕೀ ಗೂಟದಲ್ಲಿ ನೇತಾಡುತ್ತಿದೆ. ವೈಪರ್ ಆಡುತ್ತಿದೆ, ಎಡಗಡೆ ಇಂಡಿಕೇಟರ್ ಮಿಟುಕುತ್ತಿದೆ. ಅತ್ತೆ ಬಾಗಿಲಲ್ಲೇ ನಿಂತು "ಏನೋ ಗಾಳಿ ಸೋಕದೆ ಕಣಪ್ಪ, ಹತ್ರ ಹೋಗ್‌ಬ್ಯಾಡಿ" ಅಂದರು. ಮಾವ ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಿತ್ತು ಹಾಕಿದ ಮೇಲೆ ಊರಿಗೆ ನಿದ್ದೆ ಬಂತು.

ಬೆಳಿಗ್ಗೆ ವೈರಿಂಗ್ ಮೇಸ್ತ್ರಿ ಬಂದರು. ಇವರು ಈ ಸುತ್ತಿನಲ್ಲಿ ಮೂವತ್ತೈದು ವರ್ಷದಿಂದ ಟ್ರಾಕ್ಟರ್, ಮೆಟಡೋರ್, ಜೀಪು ಎಲ್ಲದರ ವೈರಿಂಗ್ ಮಾಡಿದವರು. ಸ್ವಲ್ಪ ಹೊತ್ತು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಮಲಗಿದ್ದು ಎದ್ದು "ಬಿಸಿಎಂ ಹೋಗಿರಬೇಕು ಗೌಡ್ರೇ" ಅಂದರು. ಮಾವ ಕಣ್ಣು ಕಣ್ಣು ಬಿಟ್ಟು "ಬಿಸಿಎಂ ಹಾಸ್ಟೆಲ್‌ಗೂ ನನ್ ಗಾಡಿಗೂ ಏನ್ಲಾ ಸಂಬಂಧ?" :-)

ನಗಬೇಡಿ. ನಮ್ಮ ಕಡೆ ಬಿಸಿಎಂ ಅಂದರೆ ಹಿಂದುಳಿದ ವರ್ಗಗಳ ಹಾಸ್ಟೆಲ್, ಇನ್ನೊಂದು ಅರ್ಥವೇ ಇಲ್ಲ. ಹಾವನೂರು ಆಯೋಗವನ್ನು ನೇಮಿಸಿದ ದೇವರಾಜ ಅರಸರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಮಾವ ಓದಿದ್ದೂ ಅಂಥದೇ ಹಾಸ್ಟೆಲಿನಲ್ಲಿ. ಆದರೆ ಮೇಸ್ತ್ರಿ ಹೇಳಿದ್ದು ಬಾಡಿ ಕಂಟ್ರೋಲ್ ಮಾಡ್ಯೂಲ್. ಗಾಡಿಯ ದೀಪ, ಹಾರ್ನು, ವೈಪರು, ಬಾಗಿಲ ಲಾಕು ಇವುಗಳನ್ನೆಲ್ಲ ನಡೆಸುವ ಒಂದು ಡಬ್ಬಿ. ನಮ್ಮ ಮಾವನ ಗಾಡಿ 2013ರ ಮಾಡೆಲ್ (ಯಾವ ಕಂಪನಿ ಅನ್ನೋದು ಇಲ್ಲಿ ಮುಖ್ಯ ಅಲ್ಲ ಬಿಡಿ). ತಗೊಂಡಾಗ ಹೀಗೊಂದು ಡಬ್ಬಿ ಅದರೊಳಗೆ ಇದೆ ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸಮಸ್ಯೆ ಏನೆಂದರೆ ಅದು ಹೊಗೆಸೊಪ್ಪಿನ ಹರಾಜಿನ ಕಾಲ. ಬೇಲ್‌ಗಳನ್ನು ಕಟ್ಟೆಮಳಲವಾಡಿ ಮಾರುಕಟ್ಟೆಗೆ ತರಬೇಕಾದ ದಿನ ಮೊದಲೇ ಗೊತ್ತಾಗಿರುತ್ತದೆ. ಮಾವನ ಸರದಿಗೆ ಇನ್ನು ಆರು ದಿನ ಇತ್ತು. ತಮ್ಮದಲ್ಲದೆ ಅಕ್ಕಪಕ್ಕದ ನಾಲ್ಕು ಮನೆಯವರ ಬೇಲೂ ಇದೇ ಗಾಡಿಯಲ್ಲಿ ಹೋಗಬೇಕು, ಆ ಬಾಡಿಗೆಯಿಂದಲೇ ಗಾಡಿಯ ಇನ್ಷೂರೆನ್ಸು ಕಟ್ಟಬೇಕು. ಸೊಪ್ಪಿನ ದರ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ ಅನ್ನೋದು ಆ ಕಡೆಯ ಮಗುವಿಗೂ ಗೊತ್ತು.

ಆ ಆರು ದಿನ ಏನಾಯಿತು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕೆಂದರೆ ಈ ಊರುಗಳಿಗೆ ಗಾಡಿ ಹೊಸದಲ್ಲ, ಗಾಡಿ ರಿಪೇರಿ ಅಂತೂ ಹೊಸದೇ ಅಲ್ಲ.

ಹುಣಸೂರು ಅಂದರೆ ಈಗ ಹೊಗೆಸೊಪ್ಪು, ಮರ, ಶುಂಠಿ. ನೂರೈವತ್ತು ಇನ್ನೂರು ವರ್ಷದ ಹಿಂದೆ ಹುಣಸೂರು ಅಂದರೆ ಗಾಡಿ ಮತ್ತು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಅಂತ ಒಂದು ಇಲಾಖೆ ಇತ್ತು. ಹೈದರನ ಕಾಲಕ್ಕೆ ಆ ದನಗಳು ಸೈನ್ಯದ ತೋಪು ಎಳೆಯುವ ಕೆಲಸಕ್ಕೆ ಬಂದವು. ಟಿಪ್ಪು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು, ದನ ಸಾಕುವುದಕ್ಕೆ ಒಂದು ಹುಕುಂನಾಮೆಯನ್ನೇ ಹೊರಡಿಸಿದ. ಬಿದನೂರನ್ನು ಮತ್ತೆ ಹಿಡಿಯಲು 1783ರಲ್ಲಿ ಆತ ಪೂರ್ವ ಕರಾವಳಿಯಿಂದ ಮಲೆನಾಡಿಗೆ ಒಂದೇ ತಿಂಗಳಲ್ಲಿ ತೋಪುಗಳ ಸಮೇತ ಬಂದದ್ದು ಈ ಎತ್ತುಗಳ ಬಲದಿಂದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡುಗಳು ಕೈ ಬದಲಾದವು, ಸೊರಗಿದವು. 1813ರಲ್ಲಿ ಮದ್ರಾಸ್ ಸೈನ್ಯದ ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆ ಎಂಬಾತ ವಹಿಸಿಕೊಂಡು ಮತ್ತೆ ದಾರಿಗೆ ತಂದ. ಈ ಇಲಾಖೆಯ ಮುಖ್ಯ ಠಾಣ್ಯ ಹುಣಸೂರು.

ಎತ್ತು ಇದ್ದ ಮೇಲೆ ಗಾಡಿ ಬೇಕಲ್ಲ? ಕಾಡು ಹತ್ತಿರ, ಮರಕ್ಕೆ ಬರವಿಲ್ಲ, ಕೊಡಗಿನ ದಾರಿ ಬೇರೆ. ಹಾಗಾಗಿ ಸೈನ್ಯದವರು ಲಕ್ಷ್ಮಣತೀರ್ಥದ ದಡದಲ್ಲಿ ಒಂದು ಮರದ ಕಾರ್ಖಾನೆ, ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಎಲ್ಲ ಹಾಕಿದರು. ಗಾಡಿ, ಬೂಟು, ಬೆನ್ನಿಗೆ ಹಾಕುವ ಚೀಲ, ಕಂಬಳಿ ಎಲ್ಲ ಇಲ್ಲಿಂದ ಸೈನ್ಯಕ್ಕೆ ಹೋಗುತ್ತಿತ್ತು. 1860ರ ದಶಕದಲ್ಲಿ ಖರ್ಚು ಉಳಿಸಬೇಕು ಅಂತ ಸರ್ಕಾರ ಎಲ್ಲ ಮುಚ್ಚಿಬಿಟ್ಟಿತು. (ಖರ್ಚು ಉಳಿಸುವುದಕ್ಕೆ ಕಾರ್ಖಾನೆ ಮುಚ್ಚುವ ಚಾಳಿ ಈಗಿನದ್ದೇನಲ್ಲ ನೋಡಿ.)

ಕಾರ್ಖಾನೆ ಮುಚ್ಚಿದರೂ ಕೈಕೆಲಸ ಮುಚ್ಚಲಿಲ್ಲ, ನನಗೆ ಮುಖ್ಯ ಅನ್ನಿಸುವುದು ಇದು. ಅದಾದ ಮೇಲೆ ಬಂದ ಗೆಜೆಟಿಯರುಗಳು, ಈ ಊರಿನ ಕೆಲಸಗಾರರಲ್ಲಿ ಆ ವಿದ್ಯೆ ವಂಶಪಾರಂಪರ್ಯವಾಗಿ ಉಳಿದಿದೆ, ಹಳ್ಳಿಗೂ ಕಾಫಿ ತೋಟಗಳಿಗೂ ಒಳ್ಳೆಯ ಗಾಡಿಗಳು ಇಲ್ಲಿಂದಲೇ ಹೋಗುತ್ತವೆ ಅಂತ ದಾಖಲಿಸಿವೆ. ಅಂದರೆ ಸರ್ಕಾರದ ಕಾರ್ಖಾನೆಯಲ್ಲಿ ಕಲಿತದ್ದನ್ನು ಆಚಾರಿಗಳು ಮನೆಗೆ ತಗೊಂಡು ಹೋದರು. ಯಾರೂ ತಡೆಯಲಿಲ್ಲ, ತಡೆಯುವುದಕ್ಕೂ ಆಗುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಮುಚ್ಚಿಡುವುದಕ್ಕೆ ಏನಿದೆ? ಗುಂಬ, ಅಚ್ಚು, ಮೂಕಿ, ನೊಗ, ಕಡಾಣಿ, ಎಲ್ಲ ಕಣ್ಣೆದುರಿಗೇ. ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ, ಚಕ್ರದ ಪಟ್ಟಿ ಸಡಿಲವಾದರೆ ಕುಲುಮೆ. ನನ್ನ ಅಜ್ಜನ ಕಾಲದವರೆಗೂ ಗಾಡಿಯ ಎಲೆಕ್ಟ್ರಿಕಲ್ ಸಿಸ್ಟಂ ಅಂದರೆ ಅಚ್ಚಿನ ಕೆಳಗೆ ನೇತಾಡುವ ಲಾಟೀನು ಒಂದೇ!

ಮೋಟಾರು ಗಾಡಿಗಳಿಗೂ ಮೊದಲು ಇದ್ದದ್ದು ಇದೇ ಗತಿ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅದಾಗಿ ಎಷ್ಟೋ ವರ್ಷ ಕಾರುಗಳ ಮುಂದೆ ಎಣ್ಣೆ ದೀಪ, ಇಲ್ಲವೇ ಕಾರ್ಬೈಡ್ ಕಲ್ಲಿಗೆ ನೀರು ತೊಟ್ಟಿಕ್ಕಿಸಿ ಉರಿಸುವ ಗ್ಯಾಸ್ ದೀಪ. ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಅದು ತಿರುಗಿ ಹೊಡೆದರೆ ಕೈ ಮುರಿಯುವುದು ಖಾಯಂ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಕೂರಿಸಿದ ವಿದ್ಯುತ್ ಸ್ಟಾರ್ಟರ್ ಇದನ್ನೆಲ್ಲ ಬದಲಾಯಿಸಿತು. ಸ್ಟಾರ್ಟರ್‌ಗೆ ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಡೈನಮೋ ಬೇಕು, ಅದೆರಡೂ ಇದ್ದ ಮೇಲೆ ದೀಪ, ಹಾರ್ನ್ ಎಲ್ಲ ಅದರಿಂದಲೇ ನಡೆಯಲಿ ಅಂತಾಯಿತು. ಗಾಡಿಯೊಳಗೆ ವೈರು ಅನ್ನೋದು ಹೊಕ್ಕಿದ್ದು ಹೀಗೆ.

ನಮ್ಮ ಜಿಲ್ಲೆಯ ಮೆಕ್ಯಾನಿಕ್ಕುಗಳಿಗೆ ಈ ವಿದ್ಯೆ ಕಲಿಸಿದ ಶಾಲೆ ಅಂದರೆ ನನ್ನ ಲೆಕ್ಕದಲ್ಲಿ ಜಾವಾ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರಲು ಶುರುವಾದವು. ಮುಂದೆ ಅವೇ ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹಳೇ ಜಾವಾದ್ದು 6 ವೋಲ್ಟ್ ಕರೆಂಟು. ರಾತ್ರಿ ಗಾಡಿ ನಿಧಾನ ಮಾಡಿದರೆ ದೀಪ ಮಂಕು, ಎಳೆದರೆ ಪ್ರಕಾಶ. ಓಡಿಸುವವನಿಗೇ ವಿದ್ಯುತ್ತಿನ ಪಾಠ ಆಗಿಬಿಡುತ್ತಿತ್ತು. ನಮ್ಮ ಮೇಸ್ತ್ರಿಯೂ ಹನ್ನೆರಡನೇ ವಯಸ್ಸಿಗೆ ಜಾವಾದ ಪಾಯಿಂಟು ಕ್ಲೀನ್ ಮಾಡುತ್ತಾ ಕೆಲಸ ಕಲಿತವರಂತೆ. ಬೆಂಗಳೂರಿನ ಮೈಕೋ 1951ರಲ್ಲಿ ಶುರುವಾದದ್ದು, ಆಡುಗೋಡಿಯ ಆ ಕಾರ್ಖಾನೆಯ ಪ್ಲಗ್ಗು, ನಾಜಲ್ಲು, ಡೀಸೆಲ್ ಪಂಪು ನಮ್ಮವರಿಗೆ ಮನೆಮಾತು. ಮದ್ರಾಸಿನ ಲೂಕಾಸ್ ಟಿವಿಎಸ್ 1961ರಲ್ಲಿ ಶುರುವಾದದ್ದು. ಡೈನಮೋ, ಸ್ಟಾರ್ಟರ್ ಅಂದರೆ ಅದೇ.

ಆಮೇಲೆ ಬಜಾಜ್ ಟೆಂಪೊದವರ ಮೆಟಡೋರು. ಹಾಲಿನಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲಕ್ಕೂ ಅದೇ. ಎಂಬತ್ತರ ದಶಕದ ಮಧ್ಯದಲ್ಲಿ ಜಪಾನಿನವರ ಜೊತೆ ಸೇರಿ ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸಾನ್, ಐಷರ್ ಮಿತ್ಸುಬಿಷಿ ಸಣ್ಣ ಲಾರಿಗಳು ಬಂದವು. ಅವಕ್ಕೆ ಎದುರಾಗಿ 1986ರಲ್ಲಿ ಟಾಟಾ 407. 1988ರಲ್ಲಿ ಟಾಟಾ ಮೊಬೈಲ್ ಪಿಕಪ್. 1984ರಲ್ಲಿ ಕರ್ನಾಟಕದ ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ಹರಾಜು ಪದ್ಧತಿ ಬಂದಿತ್ತು, ಅಂದರೆ ಬೇಲನ್ನು ಮಾರುಕಟ್ಟೆಯವರೆಗೆ ಸಾಗಿಸುವ ಕೆಲಸ ಬೆಳೆಗಾರನ ತಲೆಗೆ ಬಂದ ಕಾಲಕ್ಕೇ ಸಣ್ಣ ಲಾರಿಗಳೂ ಬಂದವು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ಪಿಕಪ್ ಬೇರೂರಿದ್ದಕ್ಕೂ ಸೊಪ್ಪಿಗೂ ನಂಟಿದೆ ಅನ್ನೋದು ನನ್ನ ಗುಮಾನಿ.

ಈ ಗಾಡಿಗಳ ವೈರಿಂಗ್ ಎಷ್ಟು ಸರಳ ಅಂತೀರಿ! ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ, ಬಲ್ಬಿನಿಂದ ಗಾಡಿಯ ಬಾಡಿಗೆ ಅರ್ಥು. ಮುಗೀತು. ಇಂಡಿಕೇಟರ್ ಮಿಟುಕುವುದಕ್ಕೆ ಒಂದು ಸಣ್ಣ ಡಬ್ಬಿ, ಫ್ಲಾಷರ್. ಅದರ ಹಳೇ ಜಾತಿಯದ್ದರಲ್ಲಿ ಕರೆಂಟು ಹರಿದಾಗ ಬಿಸಿಯಾಗಿ ಬಾಗುವ ಒಂದು ಲೋಹದ ಪಟ್ಟಿ. ಬಾಗಿದರೆ ಸಂಪರ್ಕ ತಪ್ಪುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಅದರ ಸದ್ದೇ ಆ ಟಿಕ್ ಟಿಕ್. ಒಂದು ಬಲ್ಬು ಸುಟ್ಟರೆ ಟಿಕ್ ಟಿಕ್ ತಾಳ ತಪ್ಪುತ್ತದೆ, ಡ್ರೈವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಆ ಫ್ಲಾಷರೇ ಇಲ್ಲ. ಮಿಟುಕಿಸುವುದು ಬಿಸಿಎಂ, ಟಿಕ್ ಟಿಕ್ ಸದ್ದನ್ನು ಮೀಟರಿನ ಸ್ಪೀಕರು ಬೇರೆಯಾಗಿ ನುಡಿಸುತ್ತದೆ. ಜನ ಕೇಳಿ ಅಭ್ಯಾಸ ಆಗಿದೆ ಅಂತ!

ಮೇಸ್ತ್ರಿಯ ಆಯುಧ ಒಂದೇ, ಟೆಸ್ಟ್ ಲ್ಯಾಂಪ್. ಒಂದು 12 ವೋಲ್ಟ್ ಬಲ್ಬಿಗೆ ಎರಡು ವೈರು, ಒಂದಕ್ಕೆ ಕ್ಲಿಪ್ಪು, ಇನ್ನೊಂದಕ್ಕೆ ಸೂಜಿ. ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ ಸೂಜಿಯಿಂದ ವೈರು ಚುಚ್ಚುತ್ತಾ ಹೋದರೆ ಎಲ್ಲಿಯವರೆಗೆ ಕರೆಂಟು ಬರುತ್ತಿದೆ, ಎಲ್ಲಿ ಸತ್ತಿದೆ ಅಂತ ಗೊತ್ತಾಗುತ್ತದೆ. ಮೂವತ್ತೈದು ವರ್ಷ ಅವರ ಸಂಸಾರ ನಡೆದದ್ದು ಆ ಬಲ್ಬಿನ ಬೆಳಕಿನಲ್ಲಿ.

ಹಾಗಾದರೆ ಈ ಡಬ್ಬಿ ಯಾಕೆ ಬಂತು? ಸುಮ್ಮನೆ ಬರಲಿಲ್ಲ. ಎಂಬತ್ತರ ದಶಕದ ಹೊತ್ತಿಗೆ ದೊಡ್ಡ ಕಾರುಗಳಲ್ಲಿ ಪವರ್ ಕಿಟಕಿ, ಸೆಂಟ್ರಲ್ ಲಾಕ್, ಎಬಿಎಸ್ ಬ್ರೇಕ್ ಅಂತ ಒಂದೊಂದೇ ಸೇರಿ, ಪ್ರತಿಯೊಂದಕ್ಕೂ ಬೇರೆ ಬೇರೆ ವೈರು ಎಳೆದು ಎಳೆದು, ವೈರಿನ ಕಟ್ಟು ತೋಳಿನಷ್ಟು ದಪ್ಪ ಆಗಿಬಿಟ್ಟಿತ್ತು. ತೂಕ, ತಾಮ್ರದ ಖರ್ಚು, ಎಲ್ಲೋ ಒಂದು ಕಡೆ ಉಜ್ಜಿದರೆ ಹುಡುಕುವ ಪಾಡು. ಜರ್ಮನಿಯ ಬಾಷ್ ಕಂಪನಿಯವರು (ನಮ್ಮ ಮೈಕೋದ ಮೂಲ ಮನೆಯವರೇ, 2008ರಲ್ಲಿ ಮೈಕೋ ಹೆಸರೂ ಬಾಷ್ ಅಂತ ಆಯಿತು) ಇದಕ್ಕೊಂದು ಉಪಾಯ ಕಂಡುಹಿಡಿದು 1986ರಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಮ್ಮೇಳನದಲ್ಲಿ ಮಂಡಿಸಿದರು. ಅದರ ಹೆಸರು ಕ್ಯಾನ್. ಎರಡೇ ಎರಡು ತೆಳು ವೈರು, ಒಂದಕ್ಕೊಂದು ಹೆಣೆದುಕೊಂಡದ್ದು. ಗಾಡಿಯ ಡಬ್ಬಿಗಳೆಲ್ಲ ಆ ಎರಡು ವೈರಿನ ಮೇಲೇ ಮಾತಾಡಿಕೊಳ್ಳುತ್ತವೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತು ಮುಖ್ಯವೋ ಅದು ಮುಂದೆ ಹೋಗುತ್ತದೆ, ಇನ್ನೊಬ್ಬ ಸುಮ್ಮನಾಗಿ ಆಮೇಲೆ ಹೇಳುತ್ತಾನೆ. (ನಮ್ಮ ಪಂಚಾಯಿತಿ ಸಭೆಗಳಿಗೂ ಇದನ್ನು ತರಬಹುದಿತ್ತು.) 1991ರ ಮರ್ಸಿಡಿಸ್ ಎಸ್ ಕ್ಲಾಸ್ ಇದನ್ನು ಹೊತ್ತು ಬಂತು, 1993ರಲ್ಲಿ ಅಂತರರಾಷ್ಟ್ರೀಯ ಮಾನಕವೇ ಆಯಿತು. ಕೋಟ್ಯಧಿಪತಿಗಳ ಕಾರಿನಲ್ಲಿದ್ದದ್ದು ಇಪ್ಪತ್ತು ವರ್ಷದಲ್ಲಿ ಸೊಪ್ಪಿನ ಬೇಲ್ ಹೊರುವ ಪಿಕಪ್ಪಿಗೆ ಬಂತು.

ಈ ಬದಲಾವಣೆಯನ್ನು ಮಾವನಿಗೆ ನಾನು ಹೇಳಿದ್ದು ಪಹಣಿಯ ಉದಾಹರಣೆಯಿಂದ. ಮೊದಲು ಪಹಣಿ ಬೇಕು ಅಂದರೆ ಊರಿನ ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು ಎಲ್ಲ ದಾಖಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಹೋಯಿತು. ಹಾಗೆಯೇ ಮೊದಲು ನೀವು ಲೈಟಿನ ಸ್ವಿಚ್ ಒತ್ತಿದರೆ ನೀವೇ ಕರೆಂಟು ಬಿಟ್ಟ ಹಾಗೆ. ಈಗ ಸ್ವಿಚ್ ಒತ್ತಿದರೆ ಅದು ಬರೀ ಒಂದು ಅರ್ಜಿ. ಅರ್ಜಿ ಬಿಸಿಎಂಗೆ ಹೋಗುತ್ತದೆ, ಅದು ಕೀ ಹಾಕಿದ್ದಾರಾ, ಬ್ಯಾಟರಿ ಸರಿ ಇದೆಯಾ ಅಂತ ನೋಡಿ ಮಂಜೂರು ಮಾಡುತ್ತದೆ. ಮಾವ ಥಟ್ಟನೆ ಹೇಳಿದರು: "ಅಂಗಾದ್ರೆ ನನ್ ಗಾಡೀಲಿ ಸರ್ವರ್ ಡೌನ್ ಆಗೈತೆ ಅನ್ನು."

ಸರ್ವರ್ ಡೌನ್ ಹೌದೋ ಅಲ್ಲವೋ ಅಂತ ನೋಡದೆ ಡಬ್ಬಿ ಬದಲಾಯಿಸುವುದು ತಪ್ಪು. ಮೇಸ್ತ್ರಿಯೂ ನಾನೂ ಕೂತು ಒಂದೊಂದೇ ನೋಡಿದೆವು. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು. ಇದು ತೋರಿಸಿದ್ದು 11.9. ಮಾವ ಆಗಲೇ ಅವರಿವರ ಮಾತು ಕೇಳಿ ಹೊಸ ಬ್ಯಾಟರಿ ತಂದಿದ್ದರು, ಅದು ದಂಡ, ಯಾಕೆಂದರೆ ಹೊಸದೂ ಎರಡು ರಾತ್ರಿಗೆ ಇಳಿಯಿತು. ಗಾಡಿ ನಿದ್ದೆಗೆ ಹೋದ ಮೇಲೆ ಅದು ಎಳೆಯುವ ಕರೆಂಟು 50 ಮಿಲಿ ಆಂಪಿಯರ್ ಒಳಗಿರಬೇಕು, ಇಲ್ಲಿ ಬಿಸಿಎಂ ನಿದ್ದೆಗೇ ಹೋಗುತ್ತಿರಲಿಲ್ಲ. ಆಮೇಲೆ ಅರ್ಥು. ಹೆಡ್‌ಲೈಟ್ ಹಾಕಿ ಬ್ಯಾಟರಿಯ ನೆಗೆಟಿವ್‌ಗೂ ಬಾಡಿಗೂ ಮಧ್ಯೆ ಮೀಟರ್ ಹಿಡಿದರೆ 0.2 ವೋಲ್ಟ್ ದಾಟಬಾರದು, ಇಲ್ಲಿ ಒಂದರ ಮೇಲಿತ್ತು. ಬೋಲ್ಟು ಬಿಚ್ಚಿ, ಬಣ್ಣ ಕೆರೆದು, ಹೊಳಪು ಬರುವ ತನಕ ಉಜ್ಜಿ ಬಿಗಿದ ಮೇಲೆ ಅರ್ಧ ರೋಗ ಹೋಯಿತು. ಎಷ್ಟೋ ಕಡೆ ಇಷ್ಟಕ್ಕೇ ವಾಸಿಯಾಗುವ ಗಾಡಿಗೆ ಹೊಸ ಬಿಸಿಎಂ ಹಾಕಿಸಿ ದುಡ್ಡು ಕೀಳುತ್ತಾರೆ. ಡಯಾಗ್ನಾಸಿಸ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ಮಧ್ಯೆ ಬ್ಯಾಟರಿ ಬಿಚ್ಚಿ ಅಳೆದರೆ 60 ಓಮ್ ಸುಮಾರು ಬರಬೇಕು, ಕ್ಯಾನ್ ವೈರಿನ ಎರಡು ತುದಿಯಲ್ಲಿ 120 ಓಮಿನ ಎರಡು ರೆಸಿಸ್ಟರ್ ಇರುವುದರಿಂದ. ಅದು ಸರಿಯಿತ್ತು.

ಇಲ್ಲಿ ಒಂದು ಮಾತು. ಮೇಸ್ತ್ರಿ ಅಭ್ಯಾಸಬಲದಿಂದ ಟೆಸ್ಟ್ ಲ್ಯಾಂಪ್ ತೆಗೆದರು. ನಾನು ಅವರ ಕೈ ಹಿಡಿದೆ. ಆ ಬಲ್ಬು ಎಳೆಯುವ ಕರೆಂಟನ್ನು ಡಬ್ಬಿಯೊಳಗಿನ ಸೂಕ್ಷ್ಮ ಭಾಗಗಳು ತಡೆಯದೇ ಸುಟ್ಟು ಹೋಗಬಹುದು, ಮಲ್ಟಿಮೀಟರೇ ಬೇಕು. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಏನೂ ಹೇಳದೆ ಲ್ಯಾಂಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ನನಗೆ ಹಾಗೆ ಕೈ ಹಿಡಿಯಬಾರದಿತ್ತು ಅನ್ನಿಸಿತು. ಅವರ ಅರ್ಧ ವಯಸ್ಸು ನನಗೆ.

ಮೂರನೇ ದಿನ ಡಬ್ಬಿ ಬಿಚ್ಚಿದೆವು. ಮುಂದಿನ ಗಾಜಿನ ರಬ್ಬರು ಸೀಳಿ ಮಳೆ ನೀರು ವೈರಿನ ಕಟ್ಟಿನಗುಂಟ ಇಳಿದು ನೇರ ಕನೆಕ್ಟರಿಗೆ ಸೇರಿತ್ತು. ಪಿನ್ನುಗಳ ಮೇಲೆ ಹಸಿರು ಕಿಲುಬು, ಹಳೇ ತಾಮ್ರದ ಹಂಡೆಗೆ ಹಿಡಿಯುವುದು ಅದೇ. ಪಕ್ಕ ಪಕ್ಕದ ಪಿನ್ನುಗಳ ನಡುವೆ ಅದೇ ದಾರಿಯಾಗಿ ಕರೆಂಟು ಹರಿದು, ಹಾರ್ನಿನ ಅರ್ಜಿ ಯಾರೂ ಕೊಡದೆಯೇ ಮಂಜೂರಾಗುತ್ತಿತ್ತು! ಮೇಸ್ತ್ರಿ ಬ್ರಶ್ ಹಿಡಿದು ಸ್ಪಿರಿಟ್ಟಿನಲ್ಲಿ ತೊಳೆದು, ಒಂದು ರಿಲೇಯ ಬುಡದ ಬೆಸುಗೆ ಬಿರುಕು ಬಿಟ್ಟಿದ್ದನ್ನು ಮತ್ತೆ ಬೆಸೆದರು. ಎಂಥ ಕೈ ಅಂತೀರಿ, ಕೂದಲೆಳೆಯಷ್ಟು ಜಾಗದಲ್ಲಿ ಒಂದು ತೊಟ್ಟು ಹೆಚ್ಚು ಕಡಿಮೆ ಇಲ್ಲ. ಗಾಡಿ ಸರಿಯಾಯಿತು, ಸಂಜೆ ಮನೆಯಲ್ಲಿ ಪಾಯಸ. ಮಾರನೇ ದಿನ ಬೆಳಿಗ್ಗೆ ಮತ್ತೆ ವೈಪರ್ ಕುಣಿತ. ಬೋರ್ಡಿನೊಳಗಿನ ತಾಮ್ರದ ಗೆರೆಗಳನ್ನೇ ಕಿಲುಬು ತಿಂದಿತ್ತು.

ಕಂಪನಿಯ ಹೊಸ ಡಬ್ಬಿಗೆ ಇಪ್ಪತ್ತು ಸಾವಿರದ ಹತ್ತಿರ, ಆರ್ಡರ್ ಹಾಕಿದರೆ ಎರಡು ವಾರ ಅಂದರು. ಸರದಿಗೆ ಉಳಿದದ್ದು ಎರಡೇ ದಿನ. ನನ್ನ ಗೆಳೆಯನೊಬ್ಬ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಪಾರ್ಟ್ ನಂಬರಿನ ಹಳೇ ಡಬ್ಬಿ ಆರು ಸಾವಿರಕ್ಕೆ ಹುಡುಕಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ. ಪಾರ್ಟ್ ನಂಬರಿನ ಕೊನೆಯ ಅಕ್ಷರವೂ ಹೊಂದಬೇಕು, ಡಬ್ಬಿ ನೋಡಲು ಒಂದೇ ಥರ ಇದ್ದರೆ ಸಾಲದು. ಬ್ಯಾಟರಿ ಬಿಚ್ಚಿಟ್ಟು, ಹತ್ತು ನಿಮಿಷ ಕಾದು, ಕೂರಿಸಿದೆವು. ದೀಪ, ಹಾರ್ನ್, ವೈಪರ್ ಎಲ್ಲ ಹೇಳಿದ ಮಾತು ಕೇಳಿದವು. ಮಾವ ಕೀ ತಿರುಗಿಸಿದರು. ಸ್ಟಾರ್ಟರ್ ತಿರುಗುತ್ತದೆ, ತಿರುಗುತ್ತದೆ... ಎಂಜಿನ್ ಹತ್ತುವುದಿಲ್ಲ.

ಇಮೊಬಿಲೈಸರ್! ಕೀಯ ಪ್ಲಾಸ್ಟಿಕ್ಕಿನೊಳಗೆ ಒಂದು ಕಾಳಿನಷ್ಟು ಚಿಪ್ಪಿರುತ್ತದೆ. ಕೀ ತೂತಿನ ಸುತ್ತ ಒಂದು ಕಾಯಿಲ್. ಆ ಚಿಪ್ಪಿನ ಗುರುತು ಡಬ್ಬಿಯ ನೆನಪಿನಲ್ಲಿರುವ ಗುರುತಿಗೆ ಹೊಂದಿದರೆ ಮಾತ್ರ ಡೀಸೆಲ್ ಬಿಡು ಅಂತ ಎಂಜಿನ್ನಿಗೆ ಅಪ್ಪಣೆ. ಕಾರು ಕಳ್ಳರ ಕಾಟಕ್ಕೆ ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿದ ಏರ್ಪಾಡು. ಒಳ್ಳೆಯದೇ. ಆದರೆ ಗುಜರಿಯ ಡಬ್ಬಿಗೆ ನಮ್ಮ ಮಾವನೇ ಕಳ್ಳ. ಸ್ವಂತ ಅಂಗಳದಲ್ಲಿ, ಸ್ವಂತ ಗಾಡಿಯಲ್ಲಿ, ಸ್ವಂತ ಕೀ ಹಿಡಿದು ಕೂತ ಕಳ್ಳ.

ಕಂಪನಿಯ ಲ್ಯಾಪ್‌ಟಾಪ್ ಇದ್ದವರು ಹೊಸ ಡಬ್ಬಿಯಾದರೆ ಮಾತ್ರ ಹೊಂದಿಸುತ್ತೇವೆ ಅಂದರು. ಅದು ಅವರ ನಿಯಮ. ಈ ಜಗಳ ಪ್ರಪಂಚದಲ್ಲೆಲ್ಲ ನಡೆಯುತ್ತಿದೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯ 2012ರಲ್ಲೇ ಕಾರು ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕು ಅಂತ ಕಾನೂನು ಮಾಡಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಆಟೊಮೊಬೈಲೂ ಅದರಲ್ಲಿದೆ, ಕೃಷಿ ಯಂತ್ರಗಳೂ ಇವೆ. ಪೋರ್ಟಲ್ಲಿಗೂ ಕಾನೂನಿಗೂ ಇರುವ ಅಂತರ ಓದುವವರಿಗೆ ನಾನು ಹೇಳಬೇಕಿಲ್ಲ. ವಿಚಿತ್ರ ಏನೆಂದರೆ ಇಂಥ ಡಬ್ಬಿಗಳ ಸಾಫ್ಟ್‌ವೇರ್ ಬರೆಯುವವರು ನಮ್ಮ ಬೆಂಗಳೂರಿನಲ್ಲೇ ಸಾವಿರಾರು ಜನ ಇದ್ದಾರೆ. ನಾಲ್ಕು ಗಂಟೆಯ ದಾರಿ. ಅವರ ಕೆಲಸ ಗಾವಡಗೆರೆಗೆ ಬಂದಿದೆ, ಅದನ್ನು ಬಿಚ್ಚುವ ವಿದ್ಯೆ ಮಾತ್ರ ಬಂದಿಲ್ಲ. ಹುಣಸೂರಿನ ಆಚಾರಿಗಳು ಸೈನ್ಯದ ಕಾರ್ಖಾನೆಯಿಂದ ಮನೆಗೆ ಒಯ್ದ ಹಾಗೆ ಇದನ್ನು ಯಾರೂ ಒಯ್ಯುವುದಕ್ಕೆ ಆಗುತ್ತಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಮೈಸೂರಿನ ಒಂದು ಸಣ್ಣ ಅಂಗಡಿಯಲ್ಲಿ, ಹತ್ತು ಅಡಿ ಉದ್ದ ಆರು ಅಡಿ ಅಗಲ. ನಾವು ಮೂವರೂ ಎರಡು ಡಬ್ಬಿ, ಗಾಡಿಯ ಕೀ, ಆರ್.ಸಿ. ಪುಸ್ತಕ ಹಿಡಿದು ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋದೆವು. ಹುಡುಗ ಮೊದಲು ಕೇಳಿದ್ದೇ ಆರ್.ಸಿ.ಯನ್ನು. ಮೆಚ್ಚಿಗೆಯಾಯಿತು. ಹಳೇ ಬೋರ್ಡಿನಲ್ಲಿ ಎಂಟು ಕಾಲಿನ ಒಂದು ಪುಟ್ಟ ಚಿಪ್ಪು, ಗಾಡಿಯ ನೆನಪೆಲ್ಲ ಇರುವುದು ಅದರಲ್ಲೇ: ಕೀಯ ಗುರುತು, ಛಾಸಿ ನಂಬರು, ಎಷ್ಟು ಕಿಲೋಮೀಟರ್ ಓಡಿದೆ ಅನ್ನುವ ಲೆಕ್ಕ. ಅದಕ್ಕೆ ನೀರು ತಾಗಿರಲಿಲ್ಲ, ಪುಣ್ಯ. ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ ಓದಿಸಿ, ಗುಜರಿ ಡಬ್ಬಿಯ ಚಿಪ್ಪಿಗೆ ಬರೆದ. ಮುಕ್ಕಾಲು ಗಂಟೆಯ ಕೆಲಸ. ಮೇಸ್ತ್ರಿ ಆ ಮುಕ್ಕಾಲು ಗಂಟೆಯೂ ಅವನ ಹೆಗಲ ಹಿಂದೆ ನಿಂತೇ ಇದ್ದರು. ಸ್ಟೂಲ್ ಕೊಟ್ಟರೂ ಕೂರಲಿಲ್ಲ.

ಊರಿಗೆ ಬಂದು ಕೂರಿಸಿದಾಗ ಸಂಜೆ ಏಳು. ಒಂದೇ ಸಲಕ್ಕೆ ಎಂಜಿನ್ ಹತ್ತಿತು. ಗಾಜಿನ ರಬ್ಬರು ಬದಲಾಯಿಸಿ, ಕನೆಕ್ಟರಿಗೆ ಬರುವ ವೈರನ್ನು ಮೇಸ್ತ್ರಿ ಕೆಳಗೆ ಒಂದು ಜೋಲು ಬರುವ ಹಾಗೆ ಕಟ್ಟಿದರು, ಮತ್ತೆ ನೀರು ಇಳಿದರೂ ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಹೋಗಲಿ, ಡಬ್ಬಿ ಹತ್ತದಿರಲಿ ಅಂತ. ಮೈಸೂರಿನ ಹುಡುಗನಾಗಲಿ ನಾನಾಗಲಿ ಹೇಳಿಕೊಟ್ಟದ್ದಲ್ಲ ಅದು. ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಬೇಲ್ ಹೇರಿ ಕಟ್ಟೆಮಳಲವಾಡಿಗೆ ಹೊರಟರು. ದರವೂ ಪರವಾಗಿಲ್ಲ ಅನ್ನುವ ಹಾಗೆ ಬಂತು.

ಮಾವ ದುಡ್ಡು ಕೊಡಲು ಹೋದರೆ ಮೇಸ್ತ್ರಿ ತಗೊಳ್ಳಲಿಲ್ಲ. "ನಾನೆಲ್ ಮಾಡ್ದೆ ಗೌಡ್ರೇ, ಅವ್ನ್ ಮಾಡ್ದ" ಅಂದರು. ಮಾವ ಬಲವಂತ ಮಾಡಿದಾಗ ಅರ್ಥಿನ ಬೋಲ್ಟಿಗೆ ಆಗುವಷ್ಟು ಮಾತ್ರ ಇಸಕೊಂಡು, ಸತ್ತ ಹಳೇ ಡಬ್ಬಿಯನ್ನು ಕೇಳಿ ತಗೊಂಡರು.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದಾಗ ಅವರ ಅಂಗಡಿಗೆ ಹೋಗಿದ್ದೆ. ಆ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಪಕ್ಕದಲ್ಲಿ ಒಂದು ಹೊಸ ಮಲ್ಟಿಮೀಟರು, ಇನ್ನೂ ಪ್ಲಾಸ್ಟಿಕ್ ಹಾಳೆ ಕಿತ್ತಿರಲಿಲ್ಲ. ಮಗಳ ಹಳೇ ನೋಟ್ ಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಎಳೆದು ಕನೆಕ್ಟರಿನ ಚಿತ್ರ ಬರೆದಿದ್ದರು. ಒಂದನೇ ಪಿನ್ನು ಕೆಂಪು ಬಿಳಿ, ಬ್ಯಾಟರಿಯಿಂದ. ನಾಲ್ಕು ಕಪ್ಪು, ಅರ್ಥು. ಏಳು ಹಸಿರು ಹಳದಿ, ಎಡ ಇಂಡಿಕೇಟರ್... ಹೀಗೆ ಗುಂಡು ಗುಂಡಾದ ಕನ್ನಡ ಅಕ್ಷರದಲ್ಲಿ. ಹನ್ನೊಂದರ ಮುಂದೆ ಖಾಲಿ ಇತ್ತು.

"ಇದು ಎಲ್‌ಗ್ ಹೋಯ್ತದೆ ಅಂತ ಗೊತ್ತಾಗ್ನಿಲ್ಲ, ನೀವ್ ಬಂದ್ಮೇಲ್ ಕೇಳವ ಅಂತಿದ್ದೆ" ಅಂದರು. ನನಗೂ ಗೊತ್ತಿರಲಿಲ್ಲ. ಬಾಗಿಲು ಅರ್ಧ ಎಳೆದು, ಮೀಟರಿನ ಪ್ಲಾಸ್ಟಿಕ್ ಕಿತ್ತು, ಇಬ್ಬರೂ ಮಾವನ ಗಾಡಿ ಹತ್ತಿರ ಹೊರಟೆವು.